ಉಮ್ಮನ ಮಾತು ಮತ್ತು ಒಂದು ಹಳೆಯ ಸಿ.ಡಿ.

ಕಂಪ್ಯೂಟರ್ ಎಂದರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಹುಚ್ಚು. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ ಶಿಕ್ಷಕನಾದ ನನಗೆ ಅದನ್ನು ಯಾರೂ ಪಾಠ ಹೇಳಿ ಕಲಿಸಲಿಲ್ಲ. ಸಂಜೆ ಹೊತ್ತು ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಕುಳಿತು ಒಂದೊಂದೇ ಅಕ್ಷರ ಕುಟ್ಟಿ ಕಲಿತೆ. ಪರದೆಯ ಮೇಲೆ ಮೊದಲ ಸಲ ಕನ್ನಡ ಮೂಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಆ ಹುಮ್ಮಸ್ಸಿನಲ್ಲಿ 2003ರಲ್ಲಿ ಒಂದು ಕೆಲಸಕ್ಕೆ ಕೈ ಹಾಕಿದೆ. ಉಮ್ಮ ಬೀಡಿ ಕಟ್ಟುತ್ತಾ ತಮ್ಮ ಬಾಲ್ಯದ ಸಂಗತಿಗಳನ್ನು, ತವರಿನ ಸುದ್ದಿಯನ್ನು, 1974ರಲ್ಲಿ ನೇತ್ರಾವತಿ ಉಕ್ಕಿ ಬಂದ ನೆರೆಯ ಕಥೆಯನ್ನು ಹೇಳುತ್ತಿದ್ದರು. ನಾನು ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಳಿಕ ಟೈಪ್ ಮಾಡಿ ಮೊದಲ ಭಾಗವನ್ನು ಸಿ.ಡಿ.ಗೂ ಉಳಿದದ್ದನ್ನು ಫ್ಲಾಪಿಗೂ ಹಾಕಿಟ್ಟೆ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ ಆ ನೋಟ್‌ಬುಕ್ಕನ್ನು ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಕೊಟ್ಟುಬಿಟ್ಟೆ.

2011ರಲ್ಲಿ ಉಮ್ಮ ತೀರಿಕೊಂಡರು.

ಕಳೆದ ವರ್ಷ ನನ್ನ ಮಗಳಿಗೆ ಕಾಲೇಜಿನಲ್ಲಿ ಊರಿನ ನೆರೆಯ ಬಗ್ಗೆ ಬರೆಯಬೇಕಾಗಿ ಬಂತು. ನಾನು ಹೆಮ್ಮೆಯಿಂದ ಕಪಾಟಿನಿಂದ ಆ ಸಿ.ಡಿ. ತೆಗೆದೆ. ಅದನ್ನು ಓದುವ ಯಂತ್ರವನ್ನು ಹುಡುಕಲು ಎರಡು ದಿನ ಹಿಡಿಯಿತು. ಕಡತ ತೆರೆದಾಗ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಚುಕ್ಕೆ.

“ಅಬ್ಬಾ, ಇದಕ್ಕೆ ವೈರಸ್ ಬಂದಿದೆಯಾ?” ಎಂದಳು ಮಗಳು.

ವೈರಸ್ ಅಲ್ಲ, ಅದೇ ಉಮ್ಮನ ಮಾತು. ಆದರೆ ಓದಲು ಬರುತ್ತಿರಲಿಲ್ಲ.

ಹೀಗೇಕಾಯಿತು?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ನಾವು ಮಾಡಿಕೊಂಡ ಒಪ್ಪಂದ. ಇಂಗ್ಲಿಷಿಗೆ ಇಂಥ ಒಪ್ಪಂದ ಆಸ್ಕಿ ಎಂಬ ಹೆಸರಿನಲ್ಲಿ 1963ರಲ್ಲೇ ಆಗಿತ್ತು. ಅದರಲ್ಲಿದ್ದದ್ದು 128 ಸ್ಥಾನಗಳು. ಕನ್ನಡಕ್ಕೆ ಜಾಗವಿರಲಿಲ್ಲ.

ಆಗ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿ ಫಾಂಟ್ ತಯಾರಿಸಿದರು. ನಾನು ಬಳಸಿದ ನುಡಿ ಫಾಂಟಿನಲ್ಲಿ ‘ಕ’ ಎಂದು ಒತ್ತಿದರೆ ಒಳಗೆ ಸೇರುತ್ತಿದ್ದದ್ದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ಒಂದು ‘ಎ’. ‘ನ’ ಇದ್ದಲ್ಲಿ ಇಂಗ್ಲೆಂಡಿನ ಪೌಂಡ್ ಹಣದ ಗುರುತು. ‘ಉಮ್ಮ’ ಎಂಬ ಪದ ಶುರುವಾಗುವುದೇ ಇಂಗ್ಲಿಷಿನ ‘ಜಿ’ಯಿಂದ! ಫಾಂಟ್ ಇರುವವರೆಗೆ ಅದು ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗೀಚು.

ಇದಕ್ಕಾಗಿ ಅಂದಿನವರನ್ನು ದೂರುವುದು ಸರಿಯಲ್ಲ. ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ.ಪಿ. ರಾವ್, 1998ರಲ್ಲಿ ‘ಬರಹ’ ತಂತ್ರಾಂಶ ಕೊಟ್ಟ ಶೇಷಾದ್ರಿವಾಸು, ‘ನುಡಿ’ಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತು ಇವರೆಲ್ಲ ಇಲ್ಲದಿದ್ದರೆ ನನ್ನಂಥವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಮಾತೇ ಇರುತ್ತಿರಲಿಲ್ಲ.

ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಒಪ್ಪಂದದ ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲಿ ಕನ್ನಡವೂ ಇತ್ತು. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಮಂಗಳೂರಿನಲ್ಲಾಗಲಿ ದುಬೈಯಲ್ಲಾಗಲಿ, ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಅದು ‘ಕ’ ಮಾತ್ರ. ಇಂದು ನಾವು ವಾಟ್ಸ್‌ಆ್ಯಪಿನಲ್ಲಿ ಕನ್ನಡ ಬರೆಯುವುದು ಇದರಿಂದಲೇ. ಆದರೆ ನನ್ನಂತೆ ಹಳೆಯ ಫಾಂಟಿನಲ್ಲಿ ಬರೆದಿಟ್ಟವರ ಲೆಕ್ಕ ಯಾರು ಇಟ್ಟಿದ್ದಾರೆ? ಸಂಘಗಳ ವರದಿ, ಸ್ಮರಣ ಸಂಚಿಕೆ, ಮದುವೆಯ ಕರೆಯೋಲೆ, ಎಷ್ಟೋ ಪುಸ್ತಕಗಳು ಹೀಗೆಯೇ ಇವೆ. ಅಂತರ್ಜಾಲದಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಓದಿ ಕಲಿಯುತ್ತಿರುವ ಕಾಲ. ಯಂತ್ರದ ಕಣ್ಣಿಗೆ ಅವು ಕನ್ನಡವೇ ಅಲ್ಲ.

ಕಾಗದ ಗೆದ್ದಿತು

ನಮ್ಮ ಮನೆಯಲ್ಲಿ ಅಜ್ಜ ಬರೆದ ಕೆಲವು ಪತ್ರಗಳಿವೆ. ಅರಬಿ ಮಲಯಾಳಂ ಲಿಪಿಯಲ್ಲಿ, ಶಾಯಿಯಲ್ಲಿ ಬರೆದವು. ಅಂಚು ಹರಿದಿದೆ, ಒಂದೆರಡು ಕಡೆ ಹುಳ ತಿಂದಿದೆ. ಮದ್ರಸದಲ್ಲಿ ಕಲಿತ ಕಾರಣ ನಾನು ಅವನ್ನು ಈಗಲೂ ಓದಬಲ್ಲೆ. ಅರುವತ್ತು ವರ್ಷದ ಕಾಗದ ಮಾತಾಡುತ್ತದೆ, ಇಪ್ಪತ್ತು ವರ್ಷದ ಸಿ.ಡಿ. ಮೌನವಾಗಿತ್ತು. ಆದರೆ ಅಜ್ಜನ ಪತ್ರ ನನ್ನ ಮಗಳಿಗೆ ಓದಲು ಬರುವುದಿಲ್ಲ. ವಸ್ತು ಉಳಿದರೆ ಸಾಲದು, ಓದಲು ಬಲ್ಲವರೂ ಉಳಿಯಬೇಕು.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅದರಿಂದ ಸಿ.ಡಿ.ಯಲ್ಲಿದ್ದ ಭಾಗ ಬದುಕಿತು. ಅಲ್ಲಲ್ಲಿ ಒತ್ತಕ್ಷರಗಳು ಜಾಗ ತಪ್ಪಿದ್ದವು. ನಾನೂ ಮಗಳೂ ಎರಡು ರಾತ್ರಿ ಕುಳಿತು ಸರಿಪಡಿಸಿದೆವು. ತನಗೆ ಸರಿಯಾಗಿ ನೆನಪೇ ಇಲ್ಲದ ಅಜ್ಜಿಯ ಮಾತನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು. ನದಿಯ ನೀರು ಜಗಲಿಯ ಮೂರನೆಯ ಮೆಟ್ಟಿಲಿಗೆ ಬಂತು, ಅಕ್ಕಿ ಮುಡಿಯನ್ನು ಅಟ್ಟಕ್ಕೆ ಏರಿಸಿದರು ಎಂಬಲ್ಲಿಗೆ ಕಡತ ಮುಗಿಯಿತು.

“ಆಮೇಲೆ?” ಎಂದು ಕೇಳಿದಳು.

ಆಮೇಲಿನದ್ದು ಫ್ಲಾಪಿಯಲ್ಲಿತ್ತು. ನಮ್ಮ ಕರಾವಳಿಯ ತೇವಕ್ಕೆ ಅದಕ್ಕೆ ಬೂಸ್ಟು ಹಿಡಿದಿತ್ತು. ಯಾವ ಯಂತ್ರವೂ ಅದನ್ನು ಓದಲಿಲ್ಲ. ನೋಟ್‌ಬುಕ್ ನಾನೇ ರದ್ದಿಗೆ ಹಾಕಿದ್ದೆ. ಮಗಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಬಾಡಿಗೆ ಮನೆಯ ಬದುಕು

ನಾವು ಕಂಪೆನಿಗಳನ್ನು ನಂಬಿ ಎಲ್ಲವನ್ನೂ ಅಲ್ಲಿಡುತ್ತೇವೆ. ಆದರೆ ಅವು ಬಾಡಿಗೆ ಮನೆ ಇದ್ದಂತೆ. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ ಅಮೆರಿಕದಲ್ಲಿ 2009ರಲ್ಲಿ ಮುಚ್ಚಿತು. ನಮ್ಮ ಯುವಕರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ನಿಂತಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ನಿಯಮ ಮಾಡಿತು. ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಅವರ ಖಾತೆಯನ್ನು ತೆರೆಯುವವರು ಯಾರು? ಅವರು ತೆಗೆದ ಫೋಟೋಗಳ ಗತಿ ಏನು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು. ಕೆಟ್ಟು ಹೋಗದ ಕಂಪ್ಯೂಟರುಗಳನ್ನೂ ಜನ ಗುಜರಿಗೆ ಹಾಕುತ್ತಿದ್ದಾರೆ. ಅವುಗಳ ಹೊಟ್ಟೆಯಲ್ಲಿ ಏನೇನಿದೆಯೆಂದು ಎಷ್ಟು ಜನ ನೋಡಿದ್ದಾರೆ?

ತಂತ್ರಜ್ಞಾನದ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ. ಆದರೆ ಯಂತ್ರ ತಾನಾಗಿ ಏನನ್ನೂ ಕಾಪಾಡುವುದಿಲ್ಲ. ಕಾಪಾಡಬೇಕಾದವರು ನಾವು.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಳೆಯ ಸಿ.ಡಿ., ಪೆನ್‌ಡ್ರೈವ್ ಇದ್ದರೆ ಈ ತಿಂಗಳೇ ತೆರೆದು ನೋಡಿ. ಹಳೆಯ ಫಾಂಟಿನ ಬರಹವಿದ್ದರೆ ಯೂನಿಕೋಡಿಗೆ ಬದಲಾಯಿಸಿ. ಮುಖ್ಯವಾದುದನ್ನು ಎರಡು ಕಡೆ ಇಡಿ, ಒಂದು ಪ್ರತಿ ಕಾಗದದ ಮೇಲೆ ಮುದ್ರಿಸಿ. ಫೋಟೋದಲ್ಲಿ ಇರುವವರ ಹೆಸರು, ವರ್ಷ ಬರೆದಿಡಿ. ಪಾಸ್‌ವರ್ಡ್ ಎಲ್ಲಿದೆಯೆಂದು ಮನೆಯ ನಂಬಿಕಸ್ಥರೊಬ್ಬರಿಗೆ ತಿಳಿದಿರಲಿ. ವಿದೇಶದಲ್ಲಿರುವ ಮಗನಿಗೆ ತಾಯಿ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಧ್ವನಿ ಸಂದೇಶವನ್ನು ಫೋನ್ ಬದಲಾಯಿಸುವ ಮುನ್ನ ಬೇರೆಡೆ ಉಳಿಸಿಕೊಳ್ಳಿ.

ಎಲ್ಲಕ್ಕಿಂತ ಮೊದಲು, ಹೇಳುವವರು ಇರುವಾಗಲೇ ಕೇಳಿಸಿಕೊಳ್ಳಿ. ಆ ನೆರೆಯ ಉಳಿದ ಕಥೆಗಾಗಿ ನಾನು ಮತ್ತು ಮಗಳು ಈಗ ಉಮ್ಮನ ತಂಗಿಯ ಮನೆಗೆ ಹೋಗುತ್ತಿದ್ದೇವೆ. ಅವರಿಗೆ ಅರ್ಧ ನೆನಪಿದೆ, ಅರ್ಧ ಮರೆತಿದೆ. ಅವರು ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ. ಮೊಬೈಲಿನಲ್ಲೂ ಬರೆಯುತ್ತಾಳೆ, ನೋಟ್‌ಬುಕ್ಕಿನಲ್ಲೂ ಬರೆಯುತ್ತಾಳೆ.