ಹೆಸರಿಗೊಂದು ಬಣ್ಣ

ಅಂಗಡಿಗೆ ಹೆಸರಿಡುವಾಗ ನಾಲ್ಕು ಜನರನ್ನು ಕೇಳುವ ನಾವು, ಅದರ ಬಣ್ಣವನ್ನು ಮಾತ್ರ ಫಲಕ ಬರೆಯುವವರ ಇಷ್ಟಕ್ಕೆ ಬಿಟ್ಟುಬಿಡುತ್ತೇವೆ. ಕಣ್ಣು ಅಕ್ಷರಕ್ಕಿಂತ ಮೊದಲು ಬಣ್ಣವನ್ನು ಓದುತ್ತದೆ ಎಂಬುದು ನಮಗೆ ನೆನಪಾಗುವುದಿಲ್ಲ.

ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿರುವ ಪೆರೇಸಂದ್ರವನ್ನೇ ನೋಡಿ. ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ಊರಿನ ಹೆಸರು ಕಾಣುವ ಮೊದಲೇ ದಾರಿ ಯಾವುದೆಂದು ತಿಳಿಯುತ್ತದೆ. ಹಾಲಿನ ಅಂಗಡಿಯಲ್ಲಿ "ನೀಲಿ ಪ್ಯಾಕೆಟ್ ಕೊಡಿ" ಎಂದರೆ ಸಾಕು, ನಂದಿನಿಯ ಟೋನ್ಡ್ ಹಾಲು ಕೈಗೆ ಬರುತ್ತದೆ. ಅಕ್ಷರ ಬಾರದವರಿಗೆ ಆ ನೀಲಿಯೇ ಹೆಸರು.

ಇಂಥ ಊರಿನಲ್ಲಿ ರಾಗಿ ಹುರಿಹಿಟ್ಟು ಮಾರಹೊರಟ ಮಹಿಳಾ ಸಂಘವೊಂದನ್ನು ಊಹಿಸಿಕೊಳ್ಳೋಣ. ನಾನಾದರೆ ಮೂರೇ ಬಣ್ಣ ಹೇಳುತ್ತೇನೆ: ಮೈಗೆ ರಾಗಿಯ ಕಂದುಗೆಂಪು, ಅಕ್ಷರಕ್ಕೆ ಕೆನೆಬಿಳಿ, ಅಂಚಿಗೆ ತುಸು ಹಳದಿ. ಕಡು ಬಣ್ಣದ ಮೇಲೆ ತಿಳಿ ಬಣ್ಣ ದೂರಕ್ಕೂ ಎದ್ದು ಕಾಣುತ್ತದೆ. ಕೆಂಪಿನ ಮೇಲೆ ಹಸಿರು ಬರೆದರೆ ಬಣ್ಣಗುರುಡು ಇರುವವರಿಗೆ ಅಕ್ಷರವೇ ಅಡಗಿಹೋಗಬಹುದು. ಬಣ್ಣ ಹೆಚ್ಚಿದರೆ ಮುದ್ರಣದ ಖರ್ಚೂ ಹೆಚ್ಚು. ಮಾದರಿಯನ್ನು ಬಿಸಿಲಿನಲ್ಲೂ ದೀಪದ ಬೆಳಕಿನಲ್ಲೂ ಹತ್ತು ಮಾರು ದೂರದಿಂದ ನೋಡಬೇಕು. ಒಪ್ಪಿದ ಮೇಲೆ ಪೊಟ್ಟಣ, ಫಲಕ, ರಸೀದಿ ಎಲ್ಲಕ್ಕೂ ಅದೇ ಬಣ್ಣ; ವರ್ಷಕ್ಕೊಮ್ಮೆ ಬದಲಿಸಿದರೆ ಗುರುತು ನಿಲ್ಲುವುದಿಲ್ಲ.

ಹೆಸರಾದ ಪೊಟ್ಟಣವೊಂದರ ಬಣ್ಣವನ್ನು ಹೋಲಿಸುವ ಆಸೆ ಮಾತ್ರ ಬೇಡ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಬಣ್ಣಗಳ ಸಂಯೋಜನೆಯೂ ವ್ಯಾಪಾರಚಿಹ್ನೆಯಾಗಬಲ್ಲದು. ಕಾಯ್ದೆಯ ಮಾತು ಹಾಗಿರಲಿ. ಎರವಲು ಬಣ್ಣದಲ್ಲಿ ಮಾರಿದ ಹಿಟ್ಟು ಎಷ್ಟೇ ರುಚಿಯಾಗಿದ್ದರೂ ಅದರ ಕೀರ್ತಿ ಬಣ್ಣದ ಒಡೆಯನಿಗೇ ಸೇರುತ್ತದೆ.