ಫಂಕ್ಷನ್ ಕರೆಯನ್ನು ಉಳಿಸುವುದು ಹೇಗೆ?

ಸಿ ಭಾಷೆಯಲ್ಲಿ ನೀವು ಬರೆದ ಮೊದಲ ಪ್ರೋಗ್ರಾಂ ನೆನಪಿದೆಯೇ? ಅದರಲ್ಲಿ ಬಹುಶಃ 'ಪ್ರಿಂಟ್‌ಎಫ್' ಇದ್ದಿರಬೇಕು. ಈ ಫಂಕ್ಷನ್ನಿಗೆ ಒಂದು ಮೌಲ್ಯ ಕೊಡಿ, ಐದು ಕೊಡಿ, ಬೇಡವೆನ್ನುವುದಿಲ್ಲ. ಇಂಥ ಫಂಕ್ಷನ್ನುಗಳನ್ನು ನಾವೂ ಬರೆಯಬಹುದು. 1989ರ ಆನ್ಸಿ ಮಾನಕವು ಇದಕ್ಕೆಂದು 'ವಿಎ ಸ್ಟಾರ್ಟ್', 'ವಿಎ ಆರ್ಗ್', 'ವಿಎ ಎಂಡ್' ಎಂಬ ಸಾಧನಗಳನ್ನು ನಿಗದಿಪಡಿಸಿತು.

ಫಂಕ್ಷನ್ ಕರೆಗೂ ಖರ್ಚಿದೆ. ಮೌಲ್ಯಗಳನ್ನು ಜೋಡಿಸಬೇಕು, ಬೇರೆಡೆಗೆ ಜಿಗಿಯಬೇಕು, ಮತ್ತೆ ಹಿಂದಿರುಗಬೇಕು. ಆದ್ದರಿಂದ ಫಂಕ್ಷನ್ ಚಿಕ್ಕದಾಗಿದ್ದರೆ ಕಂಪೈಲರ್ ಅದರ ಒಡಲನ್ನೇ ಕರೆದ ಜಾಗದಲ್ಲಿ ಅಂಟಿಸಿಬಿಡುತ್ತದೆ. ಇದೇ ಇನ್‌ಲೈನ್ ಮಾಡುವುದು.

ಆದರೆ 'ವಿಎ ಸ್ಟಾರ್ಟ್' ಬಳಸುವ ಫಂಕ್ಷನ್ನನ್ನು ಜಿಸಿಸಿ ಕಂಪೈಲರ್ ಸಾಮಾನ್ಯವಾಗಿ ಹೀಗೆ ಅಂಟಿಸುವುದಿಲ್ಲ. ಏಕೆ? 64 ಬಿಟ್ ಇಂಟೆಲ್ ಮಾದರಿಯ ಯಂತ್ರದ ಲಿನಕ್ಸ್‌ನಲ್ಲಿ ಮೊದಲ 6 ಪೂರ್ಣಾಂಕಗಳು ರಿಜಿಸ್ಟರುಗಳಲ್ಲಿ ಬರುತ್ತವೆ, ಉಳಿದವು ಸ್ಟ್ಯಾಕ್‌ನಲ್ಲಿ. 'ನನ್ನ ಬಾಗಿಲಿಗೆ ಬಂದ ಸಾಮಾನಿನ ಸಾಲು ಎಲ್ಲಿಂದ ಶುರು?' ಎಂದು 'ವಿಎ ಸ್ಟಾರ್ಟ್' ಹುಡುಕುತ್ತದೆ. ಇನ್‌ಲೈನ್ ಮಾಡುವುದೆಂದರೆ ಎರಡು ಮನೆಗಳ ನಡುವಿನ ಗೋಡೆ ಒಡೆದಂತೆ. ಗೋಡೆಯೇ ಇಲ್ಲದ ಮೇಲೆ ಬಾಗಿಲೆಲ್ಲಿ? ಅಲ್ಲಿ ಸಿಗುವುದು ಕರೆದ ಫಂಕ್ಷನ್ನಿನ ಬಾಗಿಲು, ಅಂದರೆ ಬೇರೆಯವರ ಸಾಮಾನು!

ಇದರಿಂದ ನಮಗೇನು ನಷ್ಟ? ದೋಷ ಹುಡುಕಲು ಸಂದೇಶ ಬರೆಯುವ ಒಂದು ಫಂಕ್ಷನ್ 10 ಲಕ್ಷ ಬಾರಿ ಸುತ್ತುವ ಲೂಪಿನಲ್ಲಿದೆ ಎನ್ನಿ. ಸಂದೇಶ ಬೇಡವೆಂದು ಅದರೊಳಗೇ ಪರೀಕ್ಷಿಸಿದರೆ, 10 ಲಕ್ಷ ಕರೆಗಳೂ ವ್ಯರ್ಥ.

ಉಪಾಯ ಸರಳ. 'ಬೇಕೇ, ಬೇಡವೇ' ಎಂಬ ಪರೀಕ್ಷೆಯನ್ನು ಫಂಕ್ಷನ್ನಿನ ಹೊರಗೆ ತನ್ನಿ. 1999ರ ಮಾನಕದ ಪ್ರಕಾರ ಮ್ಯಾಕ್ರೋಗಳೂ ಎಷ್ಟಾದರೂ ಆರ್ಗ್ಯುಮೆಂಟುಗಳನ್ನು ಸ್ವೀಕರಿಸಬಲ್ಲವು. ಮ್ಯಾಕ್ರೋ ಮೊದಲು ಪರೀಕ್ಷಿಸಲಿ. ಬೇಕೆಂದಾಗ ಮಾತ್ರ ಫಂಕ್ಷನ್ನನ್ನು ಕರೆಯಲಿ. ಒಂದು ಎಚ್ಚರಿಕೆ: ಸಂದೇಶ ಬೇಡವಾದಾಗ ಆರ್ಗ್ಯುಮೆಂಟುಗಳ ಲೆಕ್ಕಾಚಾರವೂ ನಡೆಯುವುದಿಲ್ಲ. ಅಲ್ಲಿ 'ಐ ಪ್ಲಸ್ ಪ್ಲಸ್' ಎಂದು ಬರೆದಿದ್ದರೆ ಐ ಹೆಚ್ಚುವುದೇ ಇಲ್ಲ!

ಸ್ವತಃ ನೋಡಬೇಕೆ? ಜಿಸಿಸಿಗೆ 'ಓ2' ಮತ್ತು ದೊಡ್ಡಕ್ಷರದ 'ಎಸ್' ಆಯ್ಕೆಗಳನ್ನು ಕೊಟ್ಟು ಅಸೆಂಬ್ಲಿ ಕಡತ ಪಡೆಯಿರಿ. ಎರಡೂ ವಿಧದಲ್ಲಿ ಬರೆದು, ಲೂಪಿನೊಳಗೆ 'ಕಾಲ್' ಎಂಬ ಆದೇಶ ಎಲ್ಲಿದೆ, ಅದಕ್ಕೆ ಮೊದಲು ಪರೀಕ್ಷೆ ಇದೆಯೇ ಎಂದು ಹೋಲಿಸಿ ನೋಡಿ.