ಹೆಲೆನಾ ಇಳಿದ ತಗ್ಗು

ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚಿನ ಒಳಗೆ ಒಂದು ಕಡೆ ಕಲ್ಲಿನ ಮೆಟ್ಟಿಲುಗಳು ನೆಲದಡಿಗೆ ಇಳಿಯುತ್ತವೆ. ಇಕ್ಕೆಲದ ಗೋಡೆಗಳ ಮೈತುಂಬ ಪುಟ್ಟ ಪುಟ್ಟ ಶಿಲುಬೆಗಳು, ಒಂದಕ್ಕೊಂದು ಒತ್ತಿಕೊಂಡಂತೆ ಕೊರೆದವು. ಇಳಿದರೆ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ತಾಯಿ ಸಂತ ಹೆಲೆನಾಳ ಪ್ರಾರ್ಥನಾಲಯ. ಸಾಲು ದೀಪಗಳು ತೂಗುತ್ತಿವೆ, ಕಂಬಗಳು ಮಬ್ಬಿನಲ್ಲಿ ನಿಂತಿವೆ. ಇನ್ನೂ ಕೆಳಗಿಳಿದರೆ ಬಂಡೆ ಕಡಿದ ಗುಹೆ. ಯೇಸುವನ್ನು ಏರಿಸಿದ ಶಿಲುಬೆಯ ಮರ ಹೆಲೆನಾಳಿಗೆ ಸಿಕ್ಕಿದ್ದು ಇಲ್ಲೇ ಎಂದು ಪ್ರತೀತಿ.

ಇಂಗ್ಲಿಷ್ ಕಾದಂಬರಿಕಾರ ಎವೆಲಿನ್ ವಾ 1950ರಲ್ಲಿ ಪ್ರಕಟಿಸಿದ ‘ಹೆಲೆನಾ’ ಕಾದಂಬರಿ ಮೊದಲ ಪುಟದಿಂದಲೂ ಈ ತಗ್ಗಿನ ಕಡೆಗೇ ಸಾಗುತ್ತದೆ. ತಾನು ಬರೆದದ್ದರಲ್ಲೆಲ್ಲ ಇದೇ ಉತ್ತಮವೆಂದು ವಾ ನಂಬಿದ್ದರು. ಅವರ ಹೆಲೆನಾ ಬ್ರಿಟನ್ನಿನ ಅರಸನ ಮಗಳು, ಕುದುರೆಯೆಂದರೆ ಪ್ರಾಣ. ಚರಿತ್ರೆಯ ಹೆಲೆನಾ ಬಹುಶಃ ಏಷ್ಯಾ ಮೈನರಿನ ದ್ರೆಪಾನಮ್ ಊರಿನವಳು. ಛತ್ರದಲ್ಲಿ ಕೆಲಸಕ್ಕಿದ್ದವಳೆಂದು ಸಂತ ಆಂಬ್ರೋಸ್ ಹೇಳುತ್ತಾನೆ. ಕೈಹಿಡಿದ ಕಾನ್‌ಸ್ಟಾಂಟಿಯಸ್ ಅಧಿಕಾರದ ಮೆಟ್ಟಿಲು ಹತ್ತಲು ಇವಳನ್ನು ಬಿಟ್ಟು ಚಕ್ರವರ್ತಿ ಮ್ಯಾಕ್ಸಿಮಿಯನ್‌ನ ಮನೆಯ ಥಿಯೋಡೋರಾಳನ್ನು ಮದುವೆಯಾದ. ಮಗ ಕಾನ್‌ಸ್ಟಂಟೈನ್‌ನನ್ನು 306ರಲ್ಲಿ ಯಾರ್ಕಿನಲ್ಲಿ ಸೈನಿಕರು ಚಕ್ರವರ್ತಿಯೆಂದು ಸಾರಿದ ಮೇಲೆ ಅವಳಿಗೆ ಮತ್ತೆ ಮರ್ಯಾದೆ ಬಂತು.

ಕಾದಂಬರಿಯಲ್ಲಿ ನನಗೆ ಬಲು ಪ್ರಿಯವಾದ ದೃಶ್ಯವೊಂದಿದೆ. ಅವಳ ಬಾಲ್ಯದ ಗುರು ಈಗ ಹೆಸರಾಂತ ಪಂಡಿತ. ಸೃಷ್ಟಿ, ಜ್ಞಾನ, ಬೆಳಕು ಎಂದು ಮಂಜಿನಂಥ ಮಾತುಗಳನ್ನು ಹೊಸೆಯುತ್ತಾನೆ, ಸಭೆ ತಲೆದೂಗುತ್ತದೆ. ಹೆಲೆನಾ ಕೇಳುತ್ತಾಳೆ: ಇದೆಲ್ಲ ನಡೆದದ್ದು ಯಾವಾಗ, ಎಲ್ಲಿ? ಮಕ್ಕಳು ಕೇಳುವ ಪ್ರಶ್ನೆ ಎಂದು ಅವನು ತಳ್ಳಿಹಾಕುತ್ತಾನೆ. ಅವಳು ಮಾತ್ರ ಬಿಡುವುದಿಲ್ಲ. ಅವಳ ಸಂತತನ ಇರುವುದೇ ಆ ಹಟದಲ್ಲಿ ಎಂದು ನಾನು ಓದಿಕೊಂಡಿದ್ದೇನೆ.

326ರಲ್ಲಿ ಕಾನ್‌ಸ್ಟಂಟೈನ್ ತನ್ನ ಹಿರಿಮಗ ಕ್ರಿಸ್ಪಸ್‌ನನ್ನೇ ಕೊಲ್ಲಿಸಿದ; ಹೆಚ್ಚು ದಿನ ಕಳೆಯುವ ಮೊದಲೇ ಹೆಂಡತಿ ಫೌಸ್ತಾಳೂ ಸತ್ತಳು. ಅರಮನೆಯ ಆ ರಕ್ತದ ವಾಸನೆ ಆರುವ ಮುನ್ನವೇ ಎಂಬತ್ತರ ಹತ್ತಿರದ ಅಜ್ಜಿ ಪ್ಯಾಲೆಸ್ಟೈನಿಗೆ ಹೊರಟಳು. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಮೇಲೆ ನಿಂತಿದೆಯೆಂದು ನಂಬಲಾಗಿದ್ದ, ಚಕ್ರವರ್ತಿ ಹೇಡ್ರಿಯನ್ ಕಾಲದ ವೀನಸ್ ಗುಡಿಯನ್ನು ಕೆಡವಲು ಮಗನೇ ಅಪ್ಪಣೆ ಕೊಟ್ಟಿದ್ದ. ಕಲ್ಲು, ಮರ ಮಾತ್ರವಲ್ಲ, ಅಡಿಯ ಮಣ್ಣನ್ನೂ ಅಗೆದು ದೂರ ಸಾಗಿಸಿದರೆಂದು ಆ ಕಾಲದ ಚರ್ಚ್ ಇತಿಹಾಸಕಾರ ಯೂಸೀಬಿಯಸ್ ಬರೆಯುತ್ತಾನೆ. ಹೆಲೆನಾಳ ದಾನಗಳನ್ನು, ಬೆತ್ಲೆಹೇಮಿನ ಚರ್ಚನ್ನು ಹೊಗಳುವ ಅವನು ಅವಳಿಗೆ ಶಿಲುಬೆ ಸಿಕ್ಕಿತೆಂದು ಎಲ್ಲೂ ಹೇಳುವುದಿಲ್ಲ. ಆ ಕಥೆ ಬರಹದಲ್ಲಿ ಕಾಣುವುದು ಅದೇ ಶತಮಾನದ ಕೊನೆಗೆ.

ವಾ ಅವರ ಕಾದಂಬರಿ ಬೆಳೆಯುವುದು ಈ ಮೌನದೊಳಗೆ. ಧೂಳು, ಗುದ್ದಲಿ, ಕಲ್ಲುಚೂರು. ಅವುಗಳ ನಡುವೆ ಉಪವಾಸದಿಂದ ಸೊರಗಿದ ಮುದುಕಿ. ಕನಸಿನಲ್ಲಿ ಸಾವಿಲ್ಲದ ಅಲೆಮಾರಿ ಯೆಹೂದಿಯೊಬ್ಬ, ಧೂಪದ ವ್ಯಾಪಾರಿ, ಬಂದು ಜಾಗ ತೋರಿಸುತ್ತಾನೆ. ಅಗೆಯುತ್ತಾರೆ. ಹಳೆಯ ನೀರಿನ ತೊಟ್ಟಿಯಿಂದ ಮರದ ತೊಲೆಗಳು ಮೇಲೆ ಬರುತ್ತವೆ. ಅವಳು ಕೇಳಿದ ‘ಎಲ್ಲಿ’ ಎಂಬುದಕ್ಕೆ ಕೈಯಿಂದ ಮುಟ್ಟಬಹುದಾದ ಉತ್ತರ.

ಆದರೂ ಪುಸ್ತಕದ ಎದೆ ಇರುವುದು ಅದಕ್ಕೂ ಮೊದಲು, ಬೆತ್ಲೆಹೇಮಿನಲ್ಲಿ. ಶಿಶು ಯೇಸುವನ್ನು ಕಾಣಲು ಕಾಣಿಕೆ ಹೊತ್ತು ಬಂದ ಮೂವರು ಜ್ಞಾನಿಗಳ ಹಬ್ಬದ ದಿನ ಹೆಲೆನಾ ಅವರನ್ನು ನೆನೆದು ಪ್ರಾರ್ಥಿಸುತ್ತಾಳೆ. ಕುರುಬರು ಮೊದಲೇ ಬಂದರು, ದನಕರುಗಳೂ ಮೊದಲೇ ಇದ್ದವು; ಲೆಕ್ಕಾಚಾರ ಹಾಕುತ್ತ, ದಾರಿ ವಿಚಾರಿಸುತ್ತ ತಡವಾಗಿ ತಲುಪಿದವರು ಈ ದೊಡ್ಡವರು. ಅವರ ಕಾಣಿಕೆಯನ್ನೂ ಒಪ್ಪಿಕೊಳ್ಳಲಾಯಿತಲ್ಲ! ತಡವಾಗಿ ಬಂದ ತನಗಾಗಿ, ಅಧಿಕಾರದಲ್ಲಿ ದಾರಿ ತಪ್ಪಿದ ಮಗನಿಗಾಗಿ ಅವಳು ಅವರ ಮೊರೆ ಹೋಗುತ್ತಾಳೆ. ಆ ಮಗ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಅಷ್ಟರಲ್ಲಿ ತಾಯಿ ತೀರಿಕೊಂಡು ವರ್ಷಗಳೇ ಕಳೆದಿದ್ದವು.